ಮೂವತ್ತು ವರ್ಷ, ಅದೇ ಹಾಲ್: ಮೇಕೊ ಸತೊಮುರಾ ಬಗ್ಗೆ ಮಾತಾಡೋಣ ಬನ್ನಿ

ತುಂಗಾತೀರ

ಬಹಳ ದಿನದಿಂದ ಬರೀಬೇಕು ಅಂದ್ಕೊಂಡಿದ್ದೆ. ಇಲ್ಲಿ ಕುಸ್ತಿ ಅಂದ್ರೆ ಅಂಡರ್‌ಟೇಕರ್, ರಾಕ್, ಜಾನ್ ಸೀನಾ ಇವರ ಮಾತೇ ಜಾಸ್ತಿ. ತಪ್ಪೇನಿಲ್ಲ, ನಾನೂ ಟ್ರಂಪ್ ಕಾರ್ಡ್ ಕಾಲದವನೇ. ಆದರೆ ನನ್ನ ಮಟ್ಟಿಗೆ ಈ ಆಟದಲ್ಲಿ ತುಂಬು ಬಾಳು ಅಂತ ಯಾರಿಗಾದರೂ ಹೇಳಬಹುದಾದರೆ ಅದು ಜಪಾನಿನ ಮೇಕೊ ಸತೊಮುರಾಗೆ.

ಲೆಕ್ಕ ನೋಡಿ. ಹುಟ್ಟಿದ್ದು 1979ರ ನವೆಂಬರ್ 17, ನೀಗಾತಾದಲ್ಲಿ. ಜೂಡೊ ಕಲಿತ ಹುಡುಗಿ. 1995ರ ಏಪ್ರಿಲ್ 15ರಂದು ತೋಕ್ಯೊದ ಕೊರಾಕುಯೆನ್ ಹಾಲ್‌ನಲ್ಲಿ ಮೊದಲ ಸಲ ರಿಂಗ್ ಹತ್ತಿದಾಗ ವಯಸ್ಸು ಹದಿನೈದು. ಎದುರಾಳಿ ಸೊನೊಕೊ ಕಾತೊ, ಅವಳೂ ಅವತ್ತೇ ಹೊಸಬಳು. ಕೊನೆಯ ಸಲ ರಿಂಗ್‌ನಿಂದ ಇಳಿದದ್ದು 2025ರ ಏಪ್ರಿಲ್ 29, ಅದೇ ಕೊರಾಕುಯೆನ್ ಹಾಲ್‌ನಲ್ಲಿ. ಮೂವತ್ತು ವರ್ಷ, ಹದಿನಾಲ್ಕು ದಿನ. ನಡುವೆ ಅಮೆರಿಕ, ಇಂಗ್ಲೆಂಡ್ ಎಲ್ಲಾ ಸುತ್ತಿ ಬಂದರೂ ಶುರು ಮಾಡಿದ ಜಾಗಕ್ಕೇ ಬಂದು ಮುಗಿಸಿದಳು.

ಅವಳು ಗೆದ್ದ ಬೆಲ್ಟುಗಳ, ಅಂದ್ರೆ ಚಾಂಪಿಯನ್ ಪಟ್ಟಗಳ ಪಟ್ಟಿ ಎಲ್ಲಿ ಬೇಕಾದರೂ ಸಿಗುತ್ತೆ. ನಾನು ಹೇಳಬೇಕು ಅಂತಿರೋದು ಬೇರೆ. ಅವಳ ಅತಿ ದೊಡ್ಡ ಪಂದ್ಯ ಅವಳು ಸೋತ ಪಂದ್ಯ. 2016ರ ಅಕ್ಟೋಬರ್‌ನಲ್ಲಿ, ತಾನೇ ಬೆಳೆಸಿದ ಶಿಷ್ಯೆ ಚಿಹಿರೊ ಹಶಿಮೊತೊ ಕೈಲಿ, ಸೆಂದೈ ಗರ್ಲ್ಸ್ ಅನ್ನೋ ತನ್ನದೇ ಕುಸ್ತಿ ಕಂಪನಿಯ ಬೆಲ್ಟ್ ಕಳೆದುಕೊಂಡದ್ದು. ಇದನ್ನ ಒಪ್ಪೋರು ಬಿಡೋರು ಇಬ್ಬರೂ ಬರಲಿ.

ರಾತ್ರಿಪಾಳಿ

ಒಳ್ಳೇ ವಿಷಯ ಎತ್ತಿದ್ದೀರಿ. ಶುರುವಾತಿಗೆ ಸ್ವಲ್ಪ ಹಿಂದೆ ಹೋಗಬೇಕು, ಇಲ್ಲದಿದ್ದರೆ ಅವಳು ಯಾಕೆ ಹಾಗೆ ಅನ್ನೋದು ತಿಳಿಯಲ್ಲ.

ಅವಳ ಗುರು ಚಿಗುಸಾ ನಗಾಯೊ. ಎಂಬತ್ತರ ದಶಕದಲ್ಲಿ ಲಯನೆಸ್ ಅಸುಕಾ ಜೊತೆ ಸೇರಿ ಕ್ರಷ್ ಗ್ಯಾಲ್ಸ್ ಅನ್ನೋ ಜೋಡಿ. ಜಪಾನಿನ ಶಾಲಾ ಹುಡುಗಿಯರು ಸಿನಿಮಾ ನಟರನ್ನೂ ಮರೆತು ಇವರ ಹಿಂದೆ ಬಿದ್ದಿದ್ದರು. 1985ರ ಆಗಸ್ಟ್‌ನಲ್ಲಿ ಒಸಾಕಾದಲ್ಲಿ ಡಂಪ್ ಮತ್ಸುಮೊತೊ ಎದುರು ಸೋತವರ ತಲೆ ಬೋಳಿಸುವ ಪಂದ್ಯ. ನಗಾಯೊ ಸೋತಳು, ರಿಂಗ್‌ನಲ್ಲೇ ಕೂದಲು ತೆಗೆದರು. ಕೂತಿದ್ದ ಹುಡುಗಿಯರು ಅಳ್ತಾ ಕಿರುಚಿದ ಸದ್ದು ಇವತ್ತು ವಿಡಿಯೋದಲ್ಲಿ ಕೇಳಿದರೂ ಮೈ ಜುಂ ಅನ್ನುತ್ತೆ.

ಅಷ್ಟು ದೊಡ್ಡ ತಾರೆಯನ್ನ 1989ರಲ್ಲಿ ಮನೆಗೆ ಕಳಿಸಿಬಿಟ್ಟರು. ಯಾಕೆ? ಆಲ್ ಜಪಾನ್ ವುಮೆನ್ಸ್ ಕಂಪನಿಯಲ್ಲಿ ಹೆಂಗಸರು ಇಪ್ಪತ್ತೈದರ ಆಸುಪಾಸಿಗೆ ನಿವೃತ್ತಿ ಆಗಲೇಬೇಕು ಅನ್ನೋ ಪದ್ಧತಿ. ಕುಡಿಯಬಾರದು, ಸೇದಬಾರದು, ಗಂಡಸರ ಸಹವಾಸ ಕೂಡದು, ಇಪ್ಪತ್ತೈದು ಮುಗಿದರೆ ಮದುವೆ ಮಾಡ್ಕೊಂಡು ಹೋಗು. ನಗಾಯೊ 1993ರಲ್ಲಿ ವಾಪಸ್ ಬಂದು, ಆಮೇಲೆ ಸ್ವಂತ ಕಂಪನಿ ಗೈಯಾ ಜಪಾನ್ ಕಟ್ಟಿದಳು. ಅದರ ಮೊಟ್ಟಮೊದಲ ಪ್ರದರ್ಶನದಲ್ಲೇ ಸತೊಮುರಾ ಕಾಲಿಟ್ಟದ್ದು.

ಇಪ್ಪತ್ತೈದು ತುಂಬೋ ಮುಂಚೆ ಹೊರಗೆ ಹಾಕಿಸಿಕೊಂಡ ಗುರುವಿನ ಶಿಷ್ಯೆ ನಲವತ್ತೈದರ ತನಕ ಆಡಿದಳು. ನನಗೆ ಈ ಒಂದು ಸಾಲೇ ಸಾಕು.

ಗರಡಿಮನೆ_ಹುಡುಗ

ನಾನು ನೇರವಾಗಿ ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಮ್ಮ ತಾತ ಪೈಲ್ವಾನ್. ಮಟ್ಟಿಯಲ್ಲಿ ಬೆನ್ನು ನೆಲಕ್ಕೆ ತಾಗಿಸೋದು ಹೇಗೆ ಅಂತ ನೋಡ್ತಾ ಬೆಳೆದವನು ನಾನು. ಈ ಪ್ರೊ ರೆಸ್ಲಿಂಗ್‌ನಲ್ಲಿ ಯಾರು ಗೆಲ್ಲಬೇಕು ಅನ್ನೋದು ಮೊದಲೇ ಮಾತಾಗಿರುತ್ತೆ. ಅಂದ್ಮೇಲೆ ಅವಳು ಸೋತಿದ್ದು ದೊಡ್ಡದು ಅಂತ ಹೇಳೋದಕ್ಕೆ ಏನು ಅರ್ಥ?

ತುಂಗಾತೀರ

ಬೇಜಾರೇನಿಲ್ಲ, ಇದೇ ಕೇಳಬೇಕಾದ ಪ್ರಶ್ನೆ.

ಹೌದು, ಮೊದಲೇ ಮಾತಾಗಿರುತ್ತೆ. ಯಾರ ಜೊತೆ ಮಾತಾಗಿರುತ್ತೆ? ಕಂಪನಿ ನಡೆಸೋರ ಜೊತೆ. ಸೆಂದೈ ಗರ್ಲ್ಸ್ ಕಂಪನಿ ನಡೆಸ್ತಿದ್ದವಳು ಸತೊಮುರಾ. 2016ರಲ್ಲಿ ಅವಳಿಗೆ ಮೂವತ್ತಾರು, ಮೈಯಲ್ಲಿ ಕಸುವು ತುಂಬಿತ್ತು, ಜನ ಟಿಕೆಟ್ ತಗೊಳ್ತಿದ್ದದ್ದೇ ಅವಳ ಹೆಸರು ನೋಡಿ. ಬೆಲ್ಟನ್ನ ಇನ್ನೂ ಐದು ವರ್ಷ ಸೊಂಟಕ್ಕೆ ಕಟ್ಕೊಂಡು ಓಡಾಡಿದ್ದರೆ ಯಾರೂ ಕೇಳ್ತಿರಲಿಲ್ಲ. ಈ ಧಂದೆಯಲ್ಲಿ ಯಜಮಾನನೇ ಪೈಲ್ವಾನ್ ಆದಾಗ ತಾನು ಮಾತ್ರ ಗೆಲ್ತಾ, ಕೆಳಗಿನವರನ್ನ ಒಣಗಿಸಿ, ಕಡೆಗೆ ಕಂಪನಿಯನ್ನೂ ಮುಳುಗಿಸಿದ ಉದಾಹರಣೆ ಬೇಕಾದಷ್ಟಿವೆ. ಹಶಿಮೊತೊ ಆಗ ರಿಂಗ್‌ಗೆ ಬಂದು ಬರೀ ಒಂದು ವರ್ಷ ಆಗಿತ್ತು, 2015ರ ಅಕ್ಟೋಬರ್‌ನಲ್ಲಿ ಶುರು ಮಾಡಿದವಳು.

ಫಲಿತಾಂಶ ಮೊದಲೇ ಗೊತ್ತಿರೋ ಆಟದಲ್ಲಿ ಸೋಲೋಕೆ ಒಪ್ಪೋದೇ ಒಂದು ತೀರ್ಮಾನ. ನಿಮ್ಮ ತಾತನ ಕುಸ್ತಿಯಲ್ಲಿ ಸೋಲು ತಾನಾಗಿ ಬರುತ್ತೆ. ಇಲ್ಲಿ ಸೋಲನ್ನ ಒಬ್ಬರು ಕೊಡಬೇಕು.

ಗರಡಿಮನೆ_ಹುಡುಗ

ಈ ದಿಕ್ಕಿನಿಂದ ನಾನು ಯೋಚನೆ ಮಾಡಿರಲಿಲ್ಲ. ಸರಿ, ಮುಂದುವರಿಸಿ. ಒಂದು ಮಾತು ಮಾತ್ರ ಗೊತ್ತಾಗಬೇಕು, ಒದೆಗಳು ನಿಜವೋ ಅಲ್ವೋ?

ಸೆಂದೈ_ಕನ್ನಡತಿ

ಇದಕ್ಕೆ ನಾನು ಉತ್ತರ ಕೊಡಬಲ್ಲೆ. ಓದೋಕೆ ಅಂತ ಜಪಾನಿನ ಸೆಂದೈ ಊರಿಗೆ ಬಂದು ಇಲ್ಲೇ ಕೆಲಸಕ್ಕೆ ನಿಂತವಳು. ಮೊದಲ ಸಲ ಪಂದ್ಯ ನೋಡೋಕೆ ಹೋದದ್ದು ಲ್ಯಾಬ್‌ನ ಗೆಳತಿ ಒತ್ತಾಯಕ್ಕೆ. ಎರಡನೇ ಸಾಲಿನಲ್ಲಿ ಮಡಚೋ ಕುರ್ಚಿ, ರಿಂಗ್‌ಗೆ ಮೂರು ಮಾರು ದೂರ.

ಸತೊಮುರಾ ಎದುರಾಳಿಯ ಎದೆಗೆ ಒದ್ದಳು. ಟಿವಿಯಲ್ಲಿ ಕೇಳಿಸೋ ಪಟ್ ಅನ್ನೋ ಸದ್ದಲ್ಲ ಅದು. ಒದ್ದೆ ಬಟ್ಟೆಯನ್ನ ಒಗೆಯೋ ಕಲ್ಲಿಗೆ ಎತ್ತಿ ಬಡಿದ ಹಾಗೆ. ಹಾಲ್ ಪೂರ್ತಿ ಒಂದು ಕ್ಷಣ ಉಸಿರು ಹಿಡಿದು, ಆಮೇಲೆ ಎಲ್ಲರೂ ಒಟ್ಟಿಗೆ ‘ಓ’ ಅಂದರು. ಎದುರಾಳಿ ಹುಡುಗಿ ನನ್ನ ಕಡೆಗೆ ತಿರುಗಿದಾಗ ಕತ್ತಿನ ಕೆಳಗೆ ಪಾದದ ಅಗಲಕ್ಕೆ ಕೆಂಪಾಗಿತ್ತು. ಸ್ವಲ್ಪ ಹೊತ್ತಿಗೆ ಅದು ಇನ್ನೂ ಗಾಢವಾಗಿ ಏಳ್ತಾ ಬಂತು. ಯಾರು ಗೆಲ್ತಾರೆ ಅನ್ನೋದು ಅವರಿಬ್ಬರಿಗೆ ಗೊತ್ತಿದ್ದಿರಬಹುದು, ಆದರೆ ಆ ಬಾಸುಂಡೆ ಒಂದು ವಾರ ಇದ್ದಿರುತ್ತೆ.

ಇನ್ನೊಂದು ಗಮನಿಸಿದ್ದು: ಅವಳು ಒದೆಯೋ ಮುಂಚೆ ಎದುರಾಳಿಯ ಕಣ್ಣನ್ನೇ ನೋಡ್ತಾಳೆ. ಮುಖದಲ್ಲಿ ಸಿಟ್ಟಿಲ್ಲ, ನಗುವಿಲ್ಲ. ಆ ನೋಟ ನೋಡಿಯೇ ಅವಳನ್ನ ಹೆಂಗಸರ ಕುಸ್ತಿಯ ಯೊಕೊಜುನಾ ಅಂತ ಕರೀತಾರೇನೋ ಅನ್ನಿಸ್ತು. ಯೊಕೊಜುನಾ ಅಂದ್ರೆ ಸುಮೊದಲ್ಲಿ ಎಲ್ಲಕ್ಕಿಂತ ಮೇಲಿನ ಪದವಿ.

ಹಳೇ_ಕೇಬಲ್

ನನ್ನದು ಭಿನ್ನಾಭಿಪ್ರಾಯ. ಸತೊಮುರಾ ದೊಡ್ಡವಳು, ಒಪ್ಪಿದೆ. ಆದರೆ ರಿಂಗ್ ಒಳಗಿನ ಕಲೆ ಅಂತ ಬಂದರೆ ಮನಾಮಿ ತೊಯೊತಾ ಮುಂದೆ ಯಾರೂ ಇಲ್ಲ. 1995ರ ಮೇ 7ರಂದು ತೊಯೊತಾ ಮತ್ತು ಕ್ಯೊಕೊ ಇನೊಯೆ ಅರವತ್ತು ನಿಮಿಷ ಪೂರ್ತಿ ಆಡಿ ಸಮ ಮಾಡಿಕೊಂಡರಲ್ಲ, ಅದನ್ನ ನೋಡಿ. ಐವತ್ತೈದನೇ ನಿಮಿಷದಲ್ಲೂ ಹಗ್ಗದ ಮೇಲಿಂದ ಹಾರ್ತಾರೆ. ಸತೊಮುರಾದು ಗಟ್ಟಿ ಆಟ, ನಿಜ. ಆದರೆ ತೊಯೊತಾ ಆಟ ನೋಡ್ತಿದ್ದರೆ ಮನುಷ್ಯರ ದೇಹಕ್ಕೆ ಇಷ್ಟು ಸಾಧ್ಯವಾ ಅನ್ನಿಸುತ್ತೆ.

ರಾತ್ರಿಪಾಳಿ

@ಹಳೇ_ಕೇಬಲ್ ತೊಯೊತಾ ಬಗ್ಗೆ ನನ್ನದೇನೂ ತಕರಾರಿಲ್ಲ. ತಮಾಷೆ ನೋಡಿ, ನೀವು ಹೇಳಿದ ಪಂದ್ಯ ನಡೆದದ್ದೂ ಅದೇ ಕೊರಾಕುಯೆನ್ ಹಾಲ್, ಸತೊಮುರಾ ಮೊದಲ ಪಂದ್ಯ ಆಗಿ ಬರೀ ಮೂರು ವಾರಕ್ಕೆ. ಒಂದೇ ಸೂರಿನ ಕೆಳಗೆ ಒಂದು ಕಾಲ ತನ್ನ ತುದಿ ಮುಟ್ತಿತ್ತು, ಇನ್ನೊಂದು ಕಾಲ ಕಣ್ಣು ಬಿಡ್ತಿತ್ತು.

ಆದರೆ ನಿಜವಾದ ವ್ಯತ್ಯಾಸ ಅವರು ಬದುಕಿದ ಕಾಲದ್ದು. ತೊಯೊತಾ ಸಿಕ್ಕಿದ್ದು ತುಂಬಿದ ಹಾಲ್‌ಗಳ ಕಾಲಕ್ಕೆ. ಸತೊಮುರಾ ಇಪ್ಪತ್ತೈದು ಮುಟ್ಟೋ ಹೊತ್ತಿಗೆ ಮನೆಯೇ ಕುಸಿದು ಬಿದ್ದಿತ್ತು. 2005ರ ಏಪ್ರಿಲ್ 10ಕ್ಕೆ ಗೈಯಾ ಜಪಾನ್ ಬಾಗಿಲು ಹಾಕಿತು. ಒಂದೇ ವಾರಕ್ಕೆ, ಏಪ್ರಿಲ್ 17ಕ್ಕೆ, 1968ರಿಂದ ನಡೆದಿದ್ದ ಆಲ್ ಜಪಾನ್ ವುಮೆನ್ಸ್ ಕೂಡ ಮುಗೀತು. ಟಿವಿ ಕೈಬಿಟ್ಟಿತ್ತು, ಹೊಸ ಹುಡುಗಿಯರು ಬರ್ತಿರಲಿಲ್ಲ. ಅಂಥ ಹೊತ್ತಲ್ಲಿ ಜಪಾನಿನ ಹೆಂಗಸರ ಕುಸ್ತಿ ಮುಗಿದೇ ಹೋಯ್ತು ಅಂತ ಯಾರಾದರೂ ಅಂದಿದ್ದರೆ ಜಗಳ ಆಡೋಕೆ ನನ್ನ ಹತ್ತಿರ ಏನೂ ಇರ್ತಿರಲಿಲ್ಲ.

ತುಂಗಾತೀರ

ಆಗಲೇ ಸೆಂದೈ. ಮಿಚಿನೊಕು ಪ್ರೊ ಅನ್ನೋ ಕುಸ್ತಿ ಕಂಪನಿ ನಡೆಸ್ತಿದ್ದ ಜಿನ್ಸೆಇ ಶಿಂಜಾಕಿ (ತೊಂಬತ್ತರ ದಶಕದ ಡಬ್ಲ್ಯೂಡಬ್ಲ್ಯೂಎಫ್ ನೋಡಿದವರಿಗೆ ಹಕುಶಿ ಅಂದ್ರೆ ಗೊತ್ತಾಗುತ್ತೆ, ಮೈತುಂಬ ಮಂತ್ರ ಬರೆಸಿಕೊಂಡು ಬರ್ತಿದ್ದವನು) ಮತ್ತು ಸತೊಮುರಾ ಸೇರಿ ಸೆಂದೈ ಗರ್ಲ್ಸ್ ಶುರು ಮಾಡಿದರು. ಮೊದಲ ಪ್ರದರ್ಶನ 2005ರಲ್ಲಿ.

ಸೆಂದೈ_ಕನ್ನಡತಿ

ಸಣ್ಣ ತಿದ್ದುಪಡಿ. ಕಂಪನಿ ಕಟ್ಟಿದ್ದು 2005, ಮೊದಲ ಪ್ರದರ್ಶನ 2006ರ ಜುಲೈ 9. ಅವತ್ತೇ ಡ್ಯಾಶ್ ಚಿಸಾಕೊ ಮತ್ತು ಅವಳ ತಂಗಿ ಸೆಂದೈ ಸಚಿಕೊ ಕೂಡ ಮೊದಲ ಪಂದ್ಯ ಆಡಿದ್ದು. ಚಿಸಾಕೊ ಸತೊಮುರಾ ಬೀಳ್ಕೊಡುಗೆ ದಿನದವರೆಗೂ ಇದೇ ಕಂಪನಿಯಲ್ಲಿ ಉಳಿದಳು.

ಇದು ಯಾಕೆ ಮುಖ್ಯ ಅಂದ್ರೆ, ಜಪಾನಿನಲ್ಲಿ ಪ್ರೊ ರೆಸ್ಲಿಂಗ್ ಅಂದ್ರೆ ತೋಕ್ಯೊ. ಹಾಲ್‌ಗಳು ಅಲ್ಲಿ, ಪತ್ರಿಕೆಗಳು ಅಲ್ಲಿ, ಕಾಸು ಅಲ್ಲಿ. ಸೆಂದೈ ಇರೋ ತೊಹೊಕು ಅಂದ್ರೆ ಉತ್ತರದ ಹಿಮ ಬೀಳೋ ಸೀಮೆ, ಹುಡುಗ ಹುಡುಗಿಯರು ಶಾಲೆ ಮುಗಿಸಿ ರೈಲು ಹತ್ತಿ ದಕ್ಷಿಣಕ್ಕೆ ಹೋಗ್ತಾರೆ. ಅವಳು ಉಲ್ಟಾ ದಿಕ್ಕಿನ ರೈಲು ಹತ್ತಿದಳು. ಸ್ವಂತ ಊರು ನೀಗಾತಾ ಕೂಡ ಅಲ್ಲ, ಸೆಂದೈ.

ಆಮೇಲೆ 2011ರ ಮಾರ್ಚ್ 11. ಮಧ್ಯಾಹ್ನ 2 ಗಂಟೆ 46 ನಿಮಿಷ. ಭೂಕಂಪ, ಅದರ ಹಿಂದೆಯೇ ಸುನಾಮಿ. ನಾನು ಆಗ ಇಲ್ಲಿರಲಿಲ್ಲ, ಆದರೆ ಈ ಊರಲ್ಲಿ ಆ ಹೊತ್ತನ್ನ ಗೊತ್ತಿಲ್ಲದವರಿಲ್ಲ. ಕರಾವಳಿ ಕಡೆಯ ಅರಾಹಾಮಾದಲ್ಲಿ ಒಂದು ಶಾಲೆಯ ಕಟ್ಟಡವನ್ನ ಹಾಗೇ ಉಳಿಸಿದ್ದಾರೆ. ಅಲೆ ಎರಡನೇ ಮಹಡಿ ತನಕ ಬಂದ ಗುರುತು ಗೋಡೆ ಮೇಲಿದೆ. ಅಂಥ ಊರಲ್ಲಿ ಜನ ನೀರು, ಅಕ್ಕಿ ಹುಡುಕ್ತಿದ್ದಾಗ ಕುಸ್ತಿ ಕಂಪನಿಯ ಗತಿ ಏನಾಗಬೇಕು? ಕೆಲವು ಹುಡುಗಿಯರು ಬಿಟ್ಟು ಹೋದರು. ಶಿಂಜಾಕಿ ಹಿಂದೆ ಸರಿದ. ಅದೇ ವರ್ಷ ಸತೊಮುರಾ ಕಂಪನಿಯ ಹೊಣೆ ಪೂರ್ತಿ ತಲೆ ಮೇಲೆ ಹೊತ್ತಳು. ಮೂವತ್ತೊಂದು ವಯಸ್ಸು.

ನನ್ನ ಗೆಳತಿಯ ಅಪ್ಪನಿಗೆ ಕುಸ್ತಿ ಅಂದ್ರೆ ಆಗಲ್ಲ. ಆದರೆ ಸತೊಮುರಾ ಹೆಸರು ಬಂದರೆ ‘ಅವಳು ಹೋಗಲಿಲ್ಲ’ ಅಂತಾರೆ. ಅಷ್ಟೇ ಅನ್ನೋದು. ಇಲ್ಲಿಯವರಿಂದ ಅದಕ್ಕಿಂತ ದೊಡ್ಡ ಹೊಗಳಿಕೆ ನಾನು ಕೇಳಿಲ್ಲ.

ಗರಡಿಮನೆ_ಹುಡುಗ

ಇದನ್ನ ಓದಿ ಸುಮ್ಮನೆ ಕೂತುಬಿಟ್ಟೆ. ಗರಡಿ ನಡೆಸೋದು ಅಂದ್ರೆ ಏನು ಅನ್ನೋದು ನಮ್ಮ ಮನೆಯಲ್ಲಿ ನೋಡಿದ್ದೀನಿ. ಬರೋ ಹುಡುಗರಿಗೆ ಪಟ್ಟು ಕಲಿಸೋದು ಸುಲಭದ ಭಾಗ. ಸೂರು ಸೋರಿದರೆ ಯಾರು ಹಂಚು ಹೊದಿಸಬೇಕು, ಮಟ್ಟಿಗೆ ಮಣ್ಣು ಯಾರು ತರಿಸಬೇಕು ಅನ್ನೋದು ಕಷ್ಟದ್ದು.

ಅಂಕಣಕೋಟೆ

ಒಂದು ಕಹಿ ವಿಷಯವನ್ನೂ ಹೇಳಿಬಿಡ್ತೀನಿ, ಬರೀ ಹೊಗಳಿದರೆ ಚರ್ಚೆ ಆಗಲ್ಲ. ಗೈಯಾ ಜಪಾನ್ ತರಬೇತಿ ಬಗ್ಗೆ 2000ರಲ್ಲಿ ಒಂದು ಬ್ರಿಟಿಷ್ ಸಾಕ್ಷ್ಯಚಿತ್ರ ಬಂದಿತ್ತು. ಅದರಲ್ಲಿ ಕಲಿಯೋಕೆ ಬಂದ ಹುಡುಗಿಯನ್ನ ಪರೀಕ್ಷೆ ಹೆಸರಲ್ಲಿ ಬಾಯಲ್ಲಿ ರಕ್ತ ಬರೋ ಹಾಗೆ ಹೊಡೀತಾರೆ, ಅವಳು ಅಳ್ತಾ ಮತ್ತೆ ಎದ್ದು ನಿಲ್ತಾಳೆ. ನನಗೆ ಅರ್ಧಕ್ಕೆ ನಿಲ್ಲಿಸಬೇಕಾಯ್ತು. ಸತೊಮುರಾ ಬೆಳೆದದ್ದು ಆ ಮನೆಯಲ್ಲೇ. ಆ ಗಟ್ಟಿತನದ ಬೆಲೆ ಯಾರು ತೆತ್ತರು ಅನ್ನೋದನ್ನ ಮರೆಯಬಾರದು.

ರಾತ್ರಿಪಾಳಿ

ಒಪ್ತೀನಿ, ಸಮರ್ಥನೆ ಮಾಡಲ್ಲ. ನಾನೂ ನೋಡಿದ್ದೀನಿ, ನನಗೂ ಅದು ಶಿಕ್ಷಣ ಅನ್ನಿಸಲಿಲ್ಲ. ಹೊಡೆಸಿಕೊಂಡು ಉಳಿದವರ ಹೆಸರು ನಮಗೆ ಗೊತ್ತು, ಹೊಡೆಸಿಕೊಂಡು ಮನೆಗೆ ಹೋದವರ ಹೆಸರು ಗೊತ್ತಿಲ್ಲ.

ಹಳೇ_ಕೇಬಲ್

ಇದೇ ಎಳೆಯಲ್ಲಿ ಇನ್ನೊಂದು. 2015ರ ಫೆಬ್ರವರಿಯಲ್ಲಿ ಸ್ಟಾರ್‌ಡಮ್ ಕಂಪನಿಯ ಪಂದ್ಯದಲ್ಲಿ ಯೊಶಿಕೊ ಅನ್ನೋಳು ಆಕ್ಟ್ ಯಾಸುಕಾವಾ ಮುಖಕ್ಕೆ ನಿಜವಾಗಿಯೇ ಗುದ್ದಿ ಮುಖದ ಮೂಳೆ ಮುರಿದಳು. ಪಂದ್ಯ ನಿಲ್ಲಿಸಬೇಕಾಯ್ತು, ಬೆಲ್ಟ್ ಖಾಲಿ ಆಯ್ತು. ಹೆಂಗಸರ ಕುಸ್ತಿಗೆ ಅಷ್ಟು ಕೆಟ್ಟ ಹೆಸರು ಬಂದದ್ದು ಬಹಳ ವರ್ಷಕ್ಕೆ. ಖಾಲಿ ಬೆಲ್ಟ್ ಗೆದ್ದವಳು ಕೈರಿ ಹೋಜೊ. ಅವಳ ಎದುರು ಜುಲೈ 26ಕ್ಕೆ ಬಂದವಳೇ ಸತೊಮುರಾ, ಹೊರಗಿನ ಕಂಪನಿಯವಳು.

ಸತೊಮುರಾ ಗೆದ್ದಳು. ಆದರೆ ಆ ಪಂದ್ಯದಲ್ಲಿ ನನಗೆ ನೆನಪಿರೋದು ಕೈರಿ. ಅಷ್ಟು ಏಟು ತಿಂದು, ಅಷ್ಟು ಸಲ ಎದ್ದು, ಸೋತು ಹೊರಗೆ ಹೋಗುವಾಗ ಅವಳು ದೊಡ್ಡವಳಾಗಿದ್ದಳು. ಡಿಸೆಂಬರ್ 23ಕ್ಕೆ ಸತೊಮುರಾ ಇಓ ಶಿರಾಯಿಗೆ ಸೋತು ಬೆಲ್ಟ್ ವಾಪಸ್ ಕೊಟ್ಟಳು. ಕೈರಿ ಮತ್ತು ಇಓ ಇಬ್ಬರೂ ಆಮೇಲೆ ಡಬ್ಲ್ಯೂಡಬ್ಲ್ಯೂಇಗೆ ಹೋಗಿ ಹೆಸರು ಮಾಡಿದ್ದು ಇಲ್ಲಿ ಎಲ್ಲರಿಗೂ ಗೊತ್ತು. ತೊಯೊತಾ ಅಭಿಮಾನಿಯಾಗಿಯೂ ಒಪ್ಕೋತೀನಿ, ಎದುರಿನವರನ್ನ ಎತ್ತಿ ನಿಲ್ಲಿಸೋದರಲ್ಲಿ ಸತೊಮುರಾ ಒಂದು ಕೈ ಮೇಲೆ.

ಸಂಜೆಮಲ್ಲಿಗೆ

ನಾನು ಅವಳನ್ನ ಮೊದಲು ನೋಡಿದ್ದು 2018ರಲ್ಲಿ, ‘ಮೇ ಯಂಗ್ ಕ್ಲಾಸಿಕ್’ ಅನ್ನೋ ಡಬ್ಲ್ಯೂಡಬ್ಲ್ಯೂಇ ಹೆಂಗಸರ ಪಂದ್ಯಾವಳಿಯಲ್ಲಿ. ಅದಕ್ಕೆ ಕೂತದ್ದು ನಮ್ಮ ಹರಿಯಾಣದ ಕವಿತಾ ದೇವಿ ಇದ್ದಾಳೆ ಅಂತ. ಕವಿತಾ ಮೊದಲ ಸುತ್ತಲ್ಲೇ ಸೋತಳು, ಟಿವಿ ಆಫ್ ಮಾಡಬೇಕು ಅನ್ನೋವಾಗ ಈ ಕಪ್ಪು ಉಡುಪಿನ ಹೆಂಗಸು ಬಂದಳು. ವೀಕ್ಷಕ ವಿವರಣೆಕಾರರ ದನಿಯೇ ಬದಲಾಯ್ತು. ಸೆಮಿಫೈನಲ್‌ನಲ್ಲಿ ಟೋನಿ ಸ್ಟಾರ್ಮ್‌ಗೆ ಸೋತಳು, ಟೋನಿಯೇ ಆ ವರ್ಷ ಗೆದ್ದದ್ದು.

2021ರ ಜೂನ್ 10ರ ಪಂದ್ಯವನ್ನಂತೂ ಎಷ್ಟು ಸಲ ನೋಡಿದ್ದೀನೋ. ಡಬ್ಲ್ಯೂಡಬ್ಲ್ಯೂಇಯ ಬ್ರಿಟನ್ ಶಾಖೆ ಎನ್‌ಎಕ್ಸ್‌ಟಿ ಯುಕೆ, ಕೇ ಲೀ ರೇ ಎದುರು. ಕೇ ಲೀ ರೇ 649 ದಿನ ಬೆಲ್ಟ್ ಇಟ್ಟುಕೊಂಡಿದ್ದಳು. ಕೊರೊನಾ ಕಾಲ, ಲಂಡನ್ನಿನ ಸ್ಟುಡಿಯೋ, ಒಬ್ಬ ಪ್ರೇಕ್ಷಕನೂ ಇಲ್ಲ. ಅದರಿಂದಲೇ ಎಲ್ಲಾ ಕೇಳಿಸುತ್ತೆ. ಕಾಲು ಬೀಳೋ ಸದ್ದು, ಹಲಗೆ ನಡುಗೋದು, ಇಬ್ಬರ ಏದುಸಿರು. ಸ್ಕಾರ್ಪಿಯೋ ರೈಸಿಂಗ್ ಹಾಕಿದಾಗ, ಅಂದ್ರೆ ಜಿಗಿದು ಹಿಮ್ಮಡಿಯನ್ನ ಮೇಲಿಂದ ಇಳಿಸೋ ಅವಳ ಕೊನೆಯ ಪಟ್ಟು, ಆ ನಿಶ್ಶಬ್ದದಲ್ಲಿ ನಾನು ಮನೆಯಲ್ಲಿ ಕೂತಲ್ಲೇ ಹಿಂದಕ್ಕೆ ಸರಿದೆ. ಅಲ್ಲಿಂದ 2022ರ ಸೆಪ್ಟೆಂಬರ್ ತನಕ, ನಾನೂರೈವತ್ತು ದಿನಕ್ಕೂ ಹೆಚ್ಚು, ಬೆಲ್ಟ್ ಅವಳದೇ. ಜೊತೆಗೆ ಅಲ್ಲಿನ ಹುಡುಗಿಯರಿಗೆ ಕೋಚ್ ಕೂಡ. ಅತ್ತ ಸೆಂದೈನಲ್ಲಿ ಕಂಪನಿ ನಡೀತಾನೇ ಇತ್ತು.

ಅಂಕಣಕೋಟೆ

ಗಂಡಸರ ಜೊತೆ ಆಡಿದ್ದನ್ನ ಯಾರೂ ಹೇಳಲಿಲ್ಲ. 2016ರಲ್ಲಿ ಅಮೆರಿಕದ ಚಿಕಾರಾ ಕಂಪನಿಯ ಕಿಂಗ್ ಆಫ್ ಟ್ರಯೋಸ್ ಅನ್ನೋ ಮೂವರ ತಂಡಗಳ ಪಂದ್ಯಾವಳಿಯನ್ನ ಸತೊಮುರಾ, ಡ್ಯಾಶ್ ಚಿಸಾಕೊ, ಕಸಾಂಡ್ರಾ ಮಿಯಾಗಿ ಗೆದ್ದರು. 2018ರಲ್ಲಿ, ಹೆಚ್ಚಾಗಿ ಗಂಡಸರೇ ಆಡೋ ಜಪಾನಿನ ಡಿಡಿಟಿ ಕಂಪನಿಯ ಮುಖ್ಯ ಬೆಲ್ಟನ್ನ ಗೆದ್ದಳು. ಇದನ್ನ ದೊಡ್ಡದು ಮಾಡಬೇಕಾಗಿಲ್ಲ, ಅವಳೂ ದೊಡ್ಡದು ಮಾಡಿದ ಹಾಗೆ ಕಾಣಲಿಲ್ಲ. ಆದರೂ ದಾಖಲೆಗೆ ಇರಲಿ.

ಗರಡಿಮನೆ_ಹುಡುಗ

ಕೊನೆಯ ಪಂದ್ಯ ಹೇಗಿತ್ತು? ಯಾರ ಎದುರು?

ತುಂಗಾತೀರ

ಜೋಡಿ ಪಂದ್ಯ. ಸತೊಮುರಾ ಪಕ್ಕದಲ್ಲಿ ಮನಾಮಿ (ತೊಯೊತಾ ಅಲ್ಲ, ಬೇರೆ ಮನಾಮಿ), ಅವಳ ಕಿರಿಯ ಶಿಷ್ಯೆಯರಲ್ಲಿ ಒಬ್ಬಳು. ಎದುರಿಗೆ ಅಜಾ ಕಾಂಗ್ ಮತ್ತು ಚಿಹಿರೊ ಹಶಿಮೊತೊ. ಈ ನಾಲ್ಕು ಹೆಸರನ್ನ ಸುಮ್ಮನೆ ನೋಡಿ.

ಅಜಾ ಕಾಂಗ್ 1970ರಲ್ಲಿ ಹುಟ್ಟಿದವಳು. ಮುಖಕ್ಕೆ ಬಣ್ಣ, ಕೈಯಲ್ಲಿ ತಗಡಿನ ಡಬ್ಬಿ, ಮುಷ್ಟಿಯ ಹಿಂಬದಿಯಿಂದ ತಿರುಗಿ ಕೊಡೋ ಏಟಿಗೆ ಹೆಸರಾದವಳು. ಸತೊಮುರಾಗೆ ಹದಿನೈದಾಗಿದ್ದಾಗಲೇ ಅವಳು ಜಪಾನಿನ ಅತಿ ಭಯಂಕರ ಹೆಸರು. 2001ರ ಕೊನೆಯಲ್ಲಿ ಸತೊಮುರಾ ಗೈಯಾದ ಮುಖ್ಯ ಬೆಲ್ಟ್ ಗೆದ್ದದ್ದು ಇದೇ ಅಜಾ ಕಾಂಗ್‌ನಿಂದ. ಅಂದ್ರೆ ಎದುರಿನ ಮೂಲೆಯಲ್ಲಿ ತನಗೆ ದಾರಿ ಬಿಟ್ಟುಕೊಟ್ಟವಳೂ ಇದ್ದಳು, ತಾನು ದಾರಿ ಬಿಟ್ಟುಕೊಟ್ಟವಳೂ ಇದ್ದಳು. ಪಕ್ಕದಲ್ಲಿ ಇನ್ನೂ ದಾರಿ ಹಿಡಿಯಬೇಕಾದವಳು. ನಾನು ಶುರುವಿನಲ್ಲಿ ಹೇಳಿದ್ದು ಇದನ್ನೇ. ನಗಾಯೊ, ಅಜಾ ಕಾಂಗ್ ಕೊಟ್ಟದ್ದನ್ನ ಕೈಯಲ್ಲಿ ಇಟ್ಟುಕೊಳ್ಳದೆ ಹಶಿಮೊತೊಗೆ ಕೊಟ್ಟಳು, ಅದೂ ತಾನು ಇನ್ನೂ ಗಟ್ಟಿಯಾಗಿರುವಾಗಲೇ.

ಗರಡಿಮನೆ_ಹುಡುಗ

ನಾಳೆ ತಾತನಿಗೆ ತೋರಿಸ್ತೀನಿ. ಎಂಬತ್ತೆರಡು ವರ್ಷ, ಕಣ್ಣು ಚೆನ್ನಾಗಿದೆ. ಪ್ರೊ ರೆಸ್ಲಿಂಗ್ ಅಂದ್ರೆ ಎದ್ದು ಹೋಗ್ತಾರೆ. ಯಾವುದು ಮೊದಲು ತೋರಿಸಲಿ?

ಸಂಜೆಮಲ್ಲಿಗೆ

ಕೇ ಲೀ ರೇ ಪಂದ್ಯ ತೋರಿಸಿ. ಗದ್ದಲ ಇಲ್ಲ, ಏಟಿನ ಸದ್ದು ಚೆನ್ನಾಗಿ ಕೇಳುತ್ತೆ.

ತುಂಗಾತೀರ

ಬೇಡ, 2016ರ ಹಶಿಮೊತೊ ಪಂದ್ಯ ತೋರಿಸಿ. ಗುರು ಯಾರು ಶಿಷ್ಯೆ ಯಾರು ಅಂತ ಹೇಳಬೇಡಿ. ಅವರೇ ಹೇಳ್ತಾರೆ.

ಸೆಂದೈ_ಕನ್ನಡತಿ

ಹೌದು, ಅದೇ. ಹೊಸದಾಗಿ ನೋಡೋರಿಗೆ ಒಂದು ವಿಷಯ: ಹೆಸರು ಕೂಗುವಾಗ ಜನ ಬಣ್ಣದ ಕಾಗದದ ಸುರುಳಿ ರಿಂಗ್‌ಗೆ ಎಸೀತಾರೆ, ರಿಂಗ್ ಪೂರ್ತಿ ಮುಚ್ಚಿಹೋಗುತ್ತೆ. ತಕ್ಷಣ ಟ್ರ್ಯಾಕ್‌ಸೂಟ್ ಹಾಕಿದ ಹುಡುಗಿಯರು ನುಗ್ಗಿ ಎರಡೂ ತೋಳಲ್ಲಿ ಬಾಚಿ, ಹಗ್ಗಕ್ಕೆ ಸಿಕ್ಕಿದ್ದನ್ನ ಬಿಡಿಸಿ, ಅರ್ಧ ನಿಮಿಷದೊಳಗೆ ಸ್ವಚ್ಛ ಮಾಡಿ ಇಳೀತಾರೆ. ಅವರೇ ಅಲ್ಲಿ ಕಲಿಯೋಕೆ ಸೇರಿದವರು. ತಾತನಿಗೆ ಅವರನ್ನೂ ತೋರಿಸಿ.

ಗರಡಿಮನೆ_ಹುಡುಗ

ತೋರಿಸ್ತೀನಿ. ತಾತ ಏನಂದರು ಅಂತ ಇಲ್ಲೇ ಬಂದು ಬರೀತೀನಿ.